ರಾಗಿ ವಾಡೆಯ ಮೇಲಿನ ರೇಡಿಯೋ ಪ್ಲೇಟು

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನನ್ನ ತಮ್ಮ ಅಕ್ಕಿಹೆಬ್ಬಾಳಿನ ಮನೆಯ ನಡುಮನೆಗೆ ಟೈಲ್ಸ್ ಹಾಕಿಸಿದ. ಅದಕ್ಕಾಗಿ ಮೂಲೆಯಲ್ಲಿದ್ದ ರಾಗಿ ವಾಡೆಯನ್ನು ನಾಲ್ಕು ಜನ ಹಿಡಿದು ಜರುಗಿಸಬೇಕಾಯಿತು. ರಾಗಿ ತುಂಬಿಡುವ ಎದೆಯೆತ್ತರದ ಮಣ್ಣಿನ ವಾಡೆ, ನಮ್ಮ ಅಜ್ಜಿ ಮದುವೆಯಾಗಿ ಬಂದಾಗಲೇ ಅಲ್ಲಿತ್ತಂತೆ. ಅಷ್ಟು ವರ್ಷ ಅಲುಗದೆ ಕೂತಿದ್ದದ್ದು ಒಂದು ಗೇಣು ಜರುಗುವಷ್ಟರಲ್ಲಿ ಬಿರುಕುಬಿಟ್ಟು ಎರಡು ಹೋಳಾಯಿತು. ತಮ್ಮ ಫೋನಿನಲ್ಲಿ ಈ ಸುದ್ದಿ ಹೇಳಿದಾಗ ನನಗೇನೂ ಸಂಕಟವಾಗಲಿಲ್ಲ. ಈಗ ಎಲ್ಲರೂ ರಾಗಿಯನ್ನು ನೀಲಿ ಡ್ರಮ್ಮಿಗೆ ತುಂಬುತ್ತಾರೆ. ಅದು ಒಡೆಯುವುದೂ ಇಲ್ಲ, ಇಲಿಯೂ ಬೀಳುವುದಿಲ್ಲ.

ನಾನಿರುವುದು ಪಾಂಡವಪುರದಲ್ಲಿ. ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತಳಾದವಳು. ಆ ಭಾನುವಾರ ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿ ಅವ್ವನನ್ನು ನೋಡಲು ಹೋದೆ. ಮನೆಯ ಮುಂದೆ ಗುಜರಿಯವನ ಗಾಡಿ ನಿಂತಿತ್ತು. ತಮ್ಮನ ಹೆಂಡತಿ ತುಕ್ಕು ಹಿಡಿದ ಬಕೆಟ್ಟು, ಮುರಿದ ಮಂಚದ ಪಟ್ಟಿಗಳನ್ನೆಲ್ಲ ತಂದು ಹಾಕುತ್ತಿದ್ದಳು. ಅವುಗಳ ಮೇಲೆ ವಾಡೆಯ ಮುಚ್ಚಳವೂ ಇತ್ತು.

ನಾವು ಅದನ್ನು ಕರೀ ಮುಚ್ಚಳ ಅನ್ನುತ್ತಿದ್ದೆವು. ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ ಅಗಲದ, ದುಂಡನೆಯ ಕಪ್ಪು ತಟ್ಟೆ. ನಡುವೆ ತೂತು. ಆ ತೂತಿನೊಳಗೆ ಅವ್ವ ತೆಂಗಿನ ನಾರಿನ ಹಗ್ಗ ತೂರಿಸಿ, ಗಂಟು ಹಾಕಿ, ಹಿಡಿಕೆ ಮಾಡಿಕೊಂಡಿದ್ದಳು. ಚಿಕ್ಕವಳಿದ್ದಾಗ ಬೆಳಿಗ್ಗೆ ರಾಗಿ ತೆಗೆಯಲು ಆ ಹಗ್ಗ ಹಿಡಿದು ಎಷ್ಟು ಸಾವಿರ ಸಲ ಎತ್ತಿದ್ದೇನೋ.

"ಇದೊಂದ ಕೊಡ್ಬೇಡ ಕಣವ್ವ," ಎಂದು ನಾನು ಅದನ್ನು ಗಾಡಿಯಿಂದ ತೆಗೆದುಕೊಂಡೆ.

"ಅಯ್ಯೋ ಅತ್ತಿಗೆ, ವಾಡೆನೇ ಓಯ್ತು, ಮುಚ್ಚಳ ಯಾಕೆ ನಿಮ್ಗೆ?" ಎಂದು ಅವಳು ನಕ್ಕಳು.

ಯಾಕೆ ಅನ್ನುವುದನ್ನು ಅವಳಿಗೆ ಆ ಬಿಸಿಲಿನಲ್ಲಿ ನಿಂತು ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮಪ್ಪ ಬಡಗಿ. ನಮ್ಮದು ಆಚಾರಿಗಳ ಮನೆತನ, ಅಪ್ಪನ ತಂದೆಯೂ ಅದೇ ಕಸುಬು, ಈಗ ತಮ್ಮನದೂ ಅದೇ. ನಾನು ಹುಟ್ಟುವ ಮೊದಲು, ಅಪ್ಪ-ಅವ್ವನ ಮದುವೆಯಾದ ಹೊಸದರಲ್ಲಿ, ಅಪ್ಪ ತನ್ನ ಸೋದರಮಾವನ ಜೊತೆ ಮದ್ರಾಸಿಗೆ ಕೆಲಸಕ್ಕೆ ಹೋಗಿದ್ದ. ಅಲ್ಲಿ ಧ್ವನಿಮುದ್ರಣ ಮಾಡುವ ಒಂದು ಹಾಲ್ ಕಟ್ಟುತ್ತಿದ್ದರು. ಗೋಡೆಗೆ ಹಲಗೆ ಬಡಿದು, ಬಾಗಿಲಿಗೆ ದಪ್ಪ ಬಟ್ಟೆ ಕೂರಿಸಿ, ಹೊರಗಿನ ಸದ್ದು ಒಳಗೆ, ಒಳಗಿನದು ಹೊರಗೆ ಹೋಗದಂತೆ ಮಾಡುವುದು ಇವರ ಕೆಲಸ. ಕೆಲಸ ಮುಗಿಯುವ ಮೊದಲೇ ಅಲ್ಲಿ ರೇಡಿಯೋ ಕಾರ್ಯಕ್ರಮ ತಯಾರಿಸಲು ಶುರು ಮಾಡಿದರಂತೆ. ಆ ಕಾಲಕ್ಕೆ ನಮ್ಮ ದೇಶದ ರೇಡಿಯೋದಲ್ಲಿ ಜಾಹೀರಾತು ಇರಲಿಲ್ಲ. ಕಂಪನಿಗಳು ತಾವೇ ಕಥೆ, ಹಾಡು ಎಲ್ಲ ಮಾಡಿಸಿ, ದೊಡ್ಡ ದೊಡ್ಡ ಗ್ರಾಮಫೋನ್ ಪ್ಲೇಟುಗಳಿಗೆ ಅಚ್ಚು ಹಾಕಿಸಿ, ಕಡಲಾಚೆಯ ಸ್ಟೇಷನ್ನುಗಳಿಗೆ ಕಳಿಸುತ್ತಿದ್ದವು. ಅಲ್ಲಿಂದ ಅವು ನಮ್ಮೂರುಗಳಿಗೆ ಕೇಳುತ್ತಿದ್ದವು. ಒಂದು ಹಲ್ಲುಪುಡಿ ಕಂಪನಿ ಕನ್ನಡದಲ್ಲಿ ವಾರಕ್ಕೊಂದು ಕಂತಿನ ಕಥೆ ಮಾಡಿಸುತ್ತಿತ್ತು. ಬರೆದು ಆಡಿಸುತ್ತಿದ್ದವರು ಮೈಸೂರಿನ ಕಡೆಯ ಒಬ್ಬ ಯಜಮಾನರು.

ಆ ಕಥೆಯಲ್ಲಿ ಬಾಗಿಲು ತೆಗೆಯುವ ಸದ್ದು ಬೇಕಾಯಿತಂತೆ. ನಟರೆಲ್ಲ ಹಾಲಿನ ಬಾಗಿಲನ್ನೇ ತೆಗೆದು ಹಾಕಿ ಮಾಡಿ ನೋಡಿದರು. ಸದ್ದೇ ಇಲ್ಲ. ಮೂಲೆಯಲ್ಲಿ ಹಲಗೆ ಬಡಿಯುತ್ತಿದ್ದ ಅಪ್ಪನಿಗೆ ನಗು ಬಂತು. "ಸದ್ದು ಬರ್ಬಾರ್ದು ಅಂತ್ಲೇ ನಾನು ಕಟ್ಟಿದ ಬಾಗ್ಲು ಸಾಮಿ ಅದು. ಅದ್ರಲ್ಲಿ ಸದ್ದು ಉಡುಕುದ್ರೆ ಎಲ್ಲಿಂದ ಬತ್ತದೆ?" ಅಂದನಂತೆ. ಆ ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. "ಹಾಗಾದರೆ ಸದ್ದು ಬರುವ ಬಾಗಿಲು ನೀನೇ ಮಾಡಿಕೊಡಪ್ಪ," ಅಂದರು. ಅಪ್ಪ ಹಳೆ ಮರ ಹುಡುಕಿ, ಸೊಂಟದೆತ್ತರದ ಒಂದು ಚೌಕಟ್ಟು ಮಾಡಿ, ಅದಕ್ಕೊಂದು ಬಾಗಿಲು, ನಮ್ಮೂರ ಮನೆಗಳಲ್ಲಿರುವಂಥ ಮರದ ಅಗುಳಿ ಎಲ್ಲ ಕೂರಿಸಿದ. ಮೈಕಿನ ಮುಂದೆ ಅದನ್ನು ತೆಗೆದವನೂ ಅವನೇ. ಮಿಕ್ಕವರು ತೆಗೆದರೆ ಹೊತ್ತಿಗೆ ಸರಿಯಾಗುತ್ತಿರಲಿಲ್ಲವಂತೆ. ಅಲ್ಲಿಂದ ನಾಲ್ಕು ತಿಂಗಳು ಅವನು ಬಡಗಿ ಕೆಲಸ ಬಿಟ್ಟು ಗಾಡಿ ಗಾಲಿ, ಹೆಜ್ಜೆ ಸಪ್ಪಳ, ಮಳೆ, ಒನಕೆ, ಎಲ್ಲದರ ಸದ್ದು ಮಾಡುತ್ತಾ ಅಲ್ಲೇ ಉಳಿದ. ಹೊರಡುವಾಗ ಯಜಮಾನರು ಒಂದು ಪ್ಲೇಟು ಕೊಟ್ಟು, "ಇದರಲ್ಲಿ ನಿನ್ನ ಕೈಯಿದೆ, ಇಟ್ಟುಕೋ," ಅಂದರು.

ಇದು ಅಪ್ಪ ಹೇಳುತ್ತಿದ್ದ ಕಥೆ. ಮಳೆಗಾಲದ ಸಂಜೆ, ಕೆಲಸವಿಲ್ಲದ ದಿನ, ಯಾರಾದರೂ ಜಗುಲಿಗೆ ಬಂದು ಕೂತರೆ ಹೇಳುತ್ತಿದ್ದ. "ರೇಡಿಯೋದಲ್ಲಿ ಬಾಗ್ಲು ತೆಗ್ದಿದ್ದೆ ಕಣಪ್ಪ" ಎಂದು ಶುರು ಮಾಡುವನು. ಊರಲ್ಲಿ ಅವನಿಗೆ ರೇಡಿಯೋ ಬಾಗ್ಲು ಆಚಾರಿ ಅಂತಲೇ ಹೆಸರು ಬಿತ್ತು. ಕರೆಯುವವರಲ್ಲಿ ಪ್ರೀತಿ ಎಷ್ಟಿತ್ತೋ ಹಾಸ್ಯವೂ ಅಷ್ಟೇ ಇತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ನಮ್ಮ ಶಾಲೆಯ ಬಾಗಿಲಿಗೆ ಹೊಸ ತಿರುಗಣಿ ಹಾಕಲು ಬಂದ. ಮಧ್ಯಾಹ್ನದ ಊಟದ ಹೊತ್ತು. ಮೇಷ್ಟರೊಬ್ಬರು, "ಏನ್ ಆಚಾರ್ರೇ, ಈ ಬಾಗ್ಲೂ ರೇಡಿಯೋದಲ್ಲಿ ಬತ್ತದಾ?" ಅಂದರು. ಅಪ್ಪ ಉತ್ಸಾಹದಿಂದ ಕಥೆ ಹೇಳಿದ. ಅವರು ನಗುತ್ತಾ ಒಳಗೆ ಹೋದರು. ನನ್ನ ಗೆಳತಿಯರು ನನ್ನ ಸುತ್ತ ನಿಂತು, "ರೇಡಿಯೋ ಒಳ್ಗೆ ಬಾಗ್ಲು ಎಲ್ಲಿರ್ತದೆ ಕಣೇ? ಅದ್ರಲ್ಲಿ ಮಾತು ತಾನೇ ಬರೋದು?" ಎಂದು ಕೇಳಿದರು. ನನಗೆ ಮುಖ ಬಿಸಿಯಾಯಿತು. "ನಮ್ಮಪ್ಪ ಸುಳ್ ಏಳ್ತದೆ. ಮದ್ರಾಸಿಗೆ ಓಗಿದ್ದು ಬೆಂಚು ಮಾಡಕ್ಕೆ," ಅಂದುಬಿಟ್ಟೆ.

ಅಪ್ಪ ಮೂರು ಮಾರು ದೂರದಲ್ಲಿ ಬಾಗಿಲ ಹಿಂದೆ ಕೂತು ತಿರುಪು ಬಿಗಿಯುತ್ತಿದ್ದ. ಅವನ ಕೈ ನಿಂತಿತು. ಮತ್ತೆ ತಿರುಗಿಸತೊಡಗಿತು. ನನ್ನ ಕಡೆ ನೋಡಲಿಲ್ಲ. ಮನೆಗೆ ಹೋದ ಮೇಲೂ ಬಯ್ಯಲಿಲ್ಲ, ಕೇಳಲಿಲ್ಲ. ಆದರೆ ಆ ದಿನದಿಂದ ಅಪ್ಪ ಆ ಕಥೆ ಹೇಳಿದ್ದನ್ನು ನಾನು ಕೇಳಲಿಲ್ಲ. ಯಾರಾದರೂ ಕೆಣಕಿದರೆ, "ಅದೆಲ್ಲ ಬುಡಿ ಸಾಮಿ, ಹಳೇ ಮಾತು," ಅನ್ನುವನು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ನಾನು ಅದರ ಬಗ್ಗೆ ಒಂದು ಮಾತನ್ನೂ ಅವನ ಹತ್ತಿರ ಆಡಲಿಲ್ಲ. ಮೊದಮೊದಲು ನಾಚಿಕೆಗೆ, ಆಮೇಲೆ ಇಷ್ಟು ತಡವಾಗಿ ಏನು ಹೇಳುವುದು ಎಂದು.

ಆ ಭಾನುವಾರ ಮುಚ್ಚಳವನ್ನು ಒಳಗೆ ತಂದು, ಅವ್ವನ ಮಂಚದ ಮೇಲೆ ಇಟ್ಟುಕೊಂಡು ಕೂತೆ. ಅವ್ವನಿಗೆ ಎಂಬತ್ತೈದರ ಹತ್ತಿರ. ಕಿವಿ ಚುರುಕಾಗಿದೆ, ಕಣ್ಣು ಮಂದ.

"ಅವ್ವ, ಇದು ಅಪ್ಪ ಮದ್ರಾಸಿಂದ ತಂದಿದ್ದಲ್ವಾ?"

"ಊಂ ಕಣವ್ವ. ನಾನು ನಾಗಮಂಗಲದಲ್ಲಿ ನಮ್ಮಪ್ಪನ ಮನೇಲಿದ್ದೆ. ಬಸ್ಸಿಂದ ಇಳುದು ನೆಟ್ಗೆ ಅಲ್ಲಿಗೇ ಬಂದ್ರು. ಟವಲ್ಲಲ್ಲಿ ಸುತ್ಕೊಂಡು ಎದೆಗವುಚ್ಕೊಂಡಿದ್ರು. ನಮ್ಮಪ್ಪ ಏನೋ ತಾಂಬೂಲದ ತಟ್ಟೆ ತಂದವ್ನೆ ಅಳಿಯ ಅಂದ್ಕೊಂಡ್ರು."

"ಅಂಥಾದ್ನ ತಂದು ವಾಡೆ ಮುಚ್ಚಕ್ಕೆ ಮಡಗ್ದೆಯಲ್ಲ?"

"ಜೋಪಾನ ಮಾಡು ಅಂದ್ರು, ಮಾಡ್ದೆ," ಅಂದಳು ಅವ್ವ. "ಬಳಸೋ ವಸ್ತು ಮನೇಲಿ ಉಳಿತದೆ. ಎತ್ತಿ ಮಡಗಿದ್ದು ಕಳ್ದೋಯ್ತದೆ. ನನ್ ಮದ್ವೆ ಸೀರೆ ಪೆಟ್ಗೇಲಿ ಮಡಗಿದ್ದೆ, ಎಲ್ಲೋಯ್ತು ಏಳು?"

ಅಪ್ಪ ಎಂದಾದರೂ ಅದನ್ನು ಹಾಕಿಸಿ ಕೇಳಿದ್ದನೇ ಎಂದೆ. ಇಷ್ಟಗಲದ ಪ್ಲೇಟು ಹಾಕುವ ಗ್ರಾಮಫೋನ್ ಪೆಟ್ಟಿಗೆ ಯಾರ ಹತ್ತಿರವೂ ಇರಲಿಲ್ಲವಂತೆ. ಆದರೆ ಒಂದು ಸಲ, ಮದ್ರಾಸಿನಿಂದ ಬಂದ ವರ್ಷವೇ, ಅಪ್ಪ ಸಿಂಧಘಟ್ಟದಲ್ಲಿ ದೊಡ್ಡ ರೈತರೊಬ್ಬರ ಮನೆಗೆ ತೊಲೆ ಹಾಕುವ ಕೆಲಸದಲ್ಲಿದ್ದಾಗ, ಅವರ ರೇಡಿಯೋದಲ್ಲಿ ಆ ಕಾರ್ಯಕ್ರಮ ಸಿಕ್ಕಿತಂತೆ. ಕೆಲಸ ಬಿಟ್ಟು ಕೈ ತೊಳೆದುಕೊಂಡು ಬಂದು ಕೂತ. ಹಲ್ಲುಪುಡಿಯ ಹಾಡು ಪೂರ್ತಿ ಬಂತು. ಕಥೆ ಶುರುವಾಗುವ ಹೊತ್ತಿಗೆ ಸ್ಟೇಷನ್ನು ಅಲೆಯ ಹಾಗೆ ಹೋಗಿ ಬಂದು, ಕೊನೆಗೆ ಬರೀ ಗೊರಗೊರ ಸದ್ದಾಯಿತು. "ಆಡು ಮಾತ್ರ ಕೇಳ್ಕೊಂಡು ಬಂದ್ರು," ಅಂದಳು ಅವ್ವ.

ಹಾಗಾದರೆ ತಾನು ಮಾಡಿದ ಸದ್ದನ್ನು ರೇಡಿಯೋದಲ್ಲಿ ಅಪ್ಪನೂ ಕೇಳಿರಲಿಲ್ಲ.

ನಾನು ಪ್ಲೇಟನ್ನು ಪಾಂಡವಪುರಕ್ಕೆ ತಂದು, ಹಗ್ಗ ಬಿಚ್ಚಿ, ಸೀಗೆಪುಡಿಯ ನೀರಲ್ಲಿ ಮೆತ್ತಗೆ ತೊಳೆದೆ. ಗೀರಿನ ಸಂದುಗಳಿಂದ ರಾಗಿ ಹುಡಿ ಕರಗಿ ನೀರು ಕೆಂಪಾಗಿ ಇಳಿಯಿತು. ನಡುವೆ ಅಂಟಿಸಿದ್ದ ಕಾಗದವನ್ನು ಹಗ್ಗದ ಗಂಟು ತಿಂದುಹಾಕಿತ್ತು. ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಅಕ್ಷರ ಬಿಟ್ಟರೆ ಏನೂ ಓದುವಂತಿರಲಿಲ್ಲ.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಹಳೆ ರೇಡಿಯೋ, ಟೇಪುರೆಕಾರ್ಡರ್ ರಿಪೇರಿ ಮಾಡುವ ಒಬ್ಬ ಸಾಬರಿದ್ದಾರೆ. ಎಪ್ಪತ್ತರ ಆಸುಪಾಸಿನವರು. ಅವರ ತಂದೆ ಮದುವೆ ಮನೆಗಳಿಗೆ ಮೈಕು, ಗ್ರಾಮಫೋನು ಒದಗಿಸುತ್ತಿದ್ದವರು. ಅಂಗಡಿಗೆ ಈಗ ಹೆಚ್ಚಾಗಿ ಮಿಕ್ಸಿಗಳೇ ರಿಪೇರಿಗೆ ಬರುತ್ತವೆ. ಪ್ಲೇಟನ್ನು ಬಟ್ಟೆಯಿಂದ ಬಿಚ್ಚಿದ ಕೂಡಲೇ ಅವರು ಕನ್ನಡಕ ಹಣೆಗೇರಿಸಿ, ಎರಡು ಕೈಯಲ್ಲಿ ಅಂಚು ಮಾತ್ರ ಹಿಡಿದು ಎತ್ತಿಕೊಂಡರು.

"ಅರೆ! ಎಲ್ಲಿತ್ತಮ್ಮ ಇದು? ಇದು ಅಂಗಡೀಲಿ ಮಾರೋ ರೆಕಾರ್ಡಲ್ಲ. ಸ್ಟೇಷನ್ನಿಗೆ ಅಂತಾನೇ ಮಾಡೋದು. ಕೆಲಸ ಮುಗುದ್ಮೇಲೆ ಬಿಸಾಕ್ಬಿಡೋರು, ಇಲ್ಲಾ ಕರಗಿಸೋರು. ನಮ್ಮ ಅಬ್ಬಾ ಹತ್ರ ಒಂದೇ ಒಂದಿತ್ತು."

"ರಾಗಿ ವಾಡೆ ಮೇಲಿತ್ತು," ಅಂದೆ.

ಅವರು ಪ್ಲೇಟನ್ನು ಬೆಳಕಿಗೆ ಓರೆ ಹಿಡಿದು ನೋಡಿದರು. ಮೇಲುಗಡೆ ಇದ್ದ ಮೈ ಪೂರ್ತಿ ಗೀಚಿಹೋಗಿತ್ತು. ಅದರ ಮೇಲೆ ಅವ್ವ ಗುಂಡುಕಲ್ಲು ಹೇರುತ್ತಿದ್ದಳು, ಸೇರು, ಮೊರ ಎಲ್ಲ ಇಡುತ್ತಿದ್ದಳು. ತಿರುಗಿಸಿದರು. ಕೆಳಮೈ ಕನ್ನಡಿಯಂತೆ ಹೊಳೆಯಿತು. "ಈ ಕಡೆ ಹೋಯ್ತಮ್ಮ. ಆದ್ರೆ ಈ ಕಡೆ... ಹೇಗೆ ಉಳೀತಿದು? ಮಣ್ಣಿನ ಬಾಯಿಗೆ ಉಜ್ಜಿ ಉಜ್ಜಿ ಸವೆದು ಹೋಗ್ಬೇಕಿತ್ತಲ್ಲ!"

ಅದೇ ಪ್ರಶ್ನೆಯನ್ನು ಅವ್ವನಿಗೆ ಫೋನಿನಲ್ಲಿ ಕೇಳಿದೆ. "ನಿಮ್ಮಪ್ಪ ವಾಡೆ ಬಾಯ್ಗೆ ಬಟ್ಟೆ ಅಂಟ್ಸಿದ್ರಲ್ಲವ್ವ," ಅಂದಳು, ನನಗೆ ಗೊತ್ತಿರಬೇಕಾದ ವಿಷಯವೆಂಬಂತೆ.

ಮುಂದಿನ ಸಲ ಊರಿಗೆ ಹೋದಾಗ ನಾನೂ ತಮ್ಮನೂ ಹಿತ್ತಿಲಲ್ಲಿ ಎಸೆದಿದ್ದ ವಾಡೆಯ ಹೋಳುಗಳನ್ನು ತಿರುವಿಹಾಕಿದೆವು. ಬಾಯಂಚಿನ ತುಂಡು ಸಿಕ್ಕಿತು. ಅದರ ಸುತ್ತ ಬಟ್ಟೆಯ ಪಟ್ಟಿ, ಹುಣಸೆಬೀಜದ ಅಂಟಿನಿಂದ ಮೆತ್ತಿದ್ದು. ಅಷ್ಟು ವರ್ಷ ಅದರ ಮೇಲೆ ಕೈಯಾಡಿಸಿದ್ದರೂ ನಾನು ಅದು ವಾಡೆಯ ಭಾಗವೆಂದೇ ತಿಳಿದಿದ್ದೆ. ತಮ್ಮ ಉಳಿಯ ತುದಿಯಿಂದ ಅಂಚನ್ನು ಎಬ್ಬಿಸಿದ. ಒಂದರ ಕೆಳಗೊಂದು ಪದರ ಬಂದವು. ಸವೆದಾಗಲೆಲ್ಲ ಅಪ್ಪ ಮೇಲೊಂದು ಪಟ್ಟಿ ಅಂಟಿಸಿದ್ದ. ತಳದಲ್ಲಿ ಅವ್ವನ ಯಾವುದೋ ಸೀರೆಯ ಹಸಿರು ಅಂಚು. ಅದರ ಮೇಲೆ ಒಂದು ಪಂಚೆ. ಅದರ ಮೇಲೆ ಕಡುನೀಲಿ ಬಟ್ಟೆ. ಅದನ್ನು ನೋಡಿ ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಅದು ನಾನು ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ಲಂಗ. ಅಂದರೆ ಶಾಲೆಯ ಬಾಗಿಲ ಹತ್ತಿರ ನಾನು ಆ ಮಾತು ಆಡಿ ಕೆಲವು ವರ್ಷ ಕಳೆದ ಮೇಲೆ ಅಂಟಿಸಿದ್ದು. ಕಥೆ ಹೇಳುವುದನ್ನು ನಿಲ್ಲಿಸಿದ್ದ ಅಪ್ಪ ಪ್ಲೇಟನ್ನು ಕಾಯುವುದನ್ನು ನಿಲ್ಲಿಸಿರಲಿಲ್ಲ.

"ಏನಕ್ಕ?" ಅಂದ ತಮ್ಮ.

"ಏನಿಲ್ಲ. ಇದು ನನ್ ಲಂಗ," ಅಂದೆ.

ತಮ್ಮ ಮಾತು ಕಡಿಮೆಯವನು. ಉಳಿ ಕೆಳಗಿಟ್ಟು, "ಆ ಪ್ಲೇಟು ಆಕೋ ಪೆಟ್ಗೆ ಎಂಗಿರ್ತದೆ, ಒಸಿ ನೋಡನ ನಡಿ," ಅಂದ.

ಸಾಬರ ಅಂಗಡಿಯಲ್ಲಿ ಪ್ಲೇಟು ತಿರುಗಿಸುವ ಹಳೆ ಪೆಟ್ಟಿಗೆಯಿತ್ತು, ಆದರೆ ಅದರ ಮೇಲೆ ನಮ್ಮ ಪ್ಲೇಟು ಕೂರುತ್ತಿರಲಿಲ್ಲ. ಮುಳ್ಳನ್ನು ಹಿಡಿದಿರುವ ಕೈ ಅಡ್ಡ ಬರುತ್ತಿತ್ತು. ಸಾಬರೂ ತಮ್ಮನೂ ತಲೆಗೆ ತಲೆ ತಾಗಿಸಿ ಕೂತರು. ಇಬ್ಬರೂ ಕೈಕೆಲಸದವರು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಕ್ಕೇ ಅರ್ಥವಾಗುತ್ತಿತ್ತು. ಮುಳ್ಳಿನ ಕೈಯನ್ನು ಬಿಚ್ಚಿ ತಂತಿ ಉದ್ದ ಮಾಡುವುದು ಸಾಬರ ಪಾಲು. ಪ್ಲೇಟಿನಷ್ಟೇ ಅಗಲದ ಮರದ ಬಿಲ್ಲೆ, ಆ ಕೈಯನ್ನು ದೂರದಲ್ಲಿ ನಿಲ್ಲಿಸಲು ಒಂದು ಕಟ್ಟೆ, ಇವೆರಡು ತಮ್ಮನ ಪಾಲು.

ತಮ್ಮ ಮೊದಲು ಹಲಸಿನ ಹಲಗೆಯಲ್ಲಿ ಬಿಲ್ಲೆ ಮಾಡಿಕೊಂಡು ಹೋದ. ಅದರ ಭಾರಕ್ಕೆ ಮೋಟಾರು ತೂಕಡಿಸಿತು. ವಾಪಸು ತಂದು ತೆಳು ಪ್ಲೈವುಡ್ಡಿನಲ್ಲಿ ಮಾಡಿದ. ಕಟ್ಟೆ ಒಂದು ನೂಲೆಳೆಯಷ್ಟು ಎತ್ತರವಾಯಿತೆಂದು ಉಜ್ಜುಗೊರಡು ಹಾಕಿದ. ಹೀಗೆ ಅಕ್ಕಿಹೆಬ್ಬಾಳಿನಿಂದ ಶ್ರೀರಂಗಪಟ್ಟಣಕ್ಕೆ ಮೂರು ಸಲ ಓಡಾಡಿದ. ಅವನು ನನ್ನ ಮನೆಗೆ ಕಪಾಟು ಮಾಡಿಕೊಡುತ್ತೇನೆಂದು ಹೇಳಿ ನಾಲ್ಕು ವರ್ಷವಾಗಿದೆ, ಅದು ಇನ್ನೂ ಆಗಿಲ್ಲ.

ಎಲ್ಲ ಸಿದ್ಧವಾದ ದಿನ ತಮ್ಮ ಬಾಡಿಗೆ ಕಾರಿನಲ್ಲಿ ಅವ್ವನನ್ನೂ ಕರೆತಂದ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಬೀದಿಯ ಸದ್ದು ಬೇಡವೆಂದು ಸಾಬರು ಶಟರು ಅರ್ಧ ಇಳಿಸಿದರು. ಅವ್ವನಿಗೆ ತಾವು ಕೂರುವ ಕುರ್ಚಿ ಬಿಟ್ಟುಕೊಟ್ಟು ಸ್ಟೂಲಿನ ಮೇಲೆ ಕೂತರು. ಪ್ಲೇಟು ತಿರುಗತೊಡಗಿತು. ಎಲ್ಲ ರೆಕಾರ್ಡಿಗೂ ಇಡುವ ಹಾಗೆ ಅವರು ಮುಳ್ಳನ್ನು ಹೊರ ಅಂಚಿಗೆ ಇಟ್ಟರು. ಒಂದು ಕ್ಷಣ ಉಸಿರೆಳೆದಂಥ ಸದ್ದು ಬಂತು. ಮುಳ್ಳು ಹೊರಕ್ಕೆ ಜಾರಿ ಅಂಚಿನಿಂದಾಚೆ ಬಿತ್ತು. ಮತ್ತೆ ಇಟ್ಟರು. ಮತ್ತೆ ಜಾರಿತು. ಮೂರನೆಯ ಸಲವೂ ಅಷ್ಟೇ.

"ಸವ್ದೋಗದೆ ಬುಡಪ್ಪ," ಅಂದಳು ಅವ್ವ.

ತಮ್ಮ ಕಟ್ಟೆಯ ಕೆಳಗೆ ಬಗ್ಗಿ ನೋಡಿದ. ಸಾಬರು ಮಾತ್ರ ಕಣ್ಣು ಮುಚ್ಚಿಕೊಂಡು ಕೂತಿದ್ದರು. "ತಡೀರಿ," ಅಂದರು. "ನಮ್ಮ ಅಬ್ಬಾ ಮುಳ್ಳು ಎಲ್ಲಿಡೋರು... ಅವರು ಒಳಗಡೆ ಇಡೋರು! ಈ ಜಾತಿ ಪ್ಲೇಟು ಕೆಲವು ಒಳಗಿಂದ ಹೊರಕ್ಕೆ ಓಡ್ತವೆ. ಅದನ್ನ ಕಾಗದದ ಮೇಲೆ ಬರೆದಿರ್ತಾರೆ. ನಿಮ್ಮದ್ರಲ್ಲಿ ಕಾಗದಾನೇ ಇಲ್ಲ."

ಅವರು ಮುಳ್ಳನ್ನು ನಡುವೆ ಕಾಗದವಿದ್ದ ಜಾಗದ ಪಕ್ಕದಲ್ಲಿ ಇಳಿಸಿದರು.

ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ. ಅದರೊಳಗಿಂದ ಹಾರ್ಮೋನಿಯಂ, ಹಲ್ಲುಪುಡಿಯ ಹಾಡು. ಅವ್ವ ನಕ್ಕಳು, "ಇದೇ ಕಣ್ಲಾ, ನಿಮ್ಮಪ್ಪ ಇದ್ನ ಏಳ್ಕೊಂಡು ತಿರುಗ್ತಿದ್ರು." ಹಾಡು ಮುಗಿದ ಮೇಲೆ ಒಬ್ಬರ ತುಂಬು ಗಂಟಲು ಹಿಂದಿನ ವಾರದ ಕಥೆಯನ್ನು ನೆನಪಿಸಿತು. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡಿದ್ದಾರೆ. ಇಬ್ಬರ ನಡುವೆ ಒಂದೇ ಬಾಗಿಲು. ಮುದುಕಿ ತಾಯಿ ಅಣ್ಣನ ಕಡೆ, ಅವಳು ಎತ್ತಿ ಆಡಿಸಿದ ಮೊಮ್ಮಗಳು ತಮ್ಮನ ಕಡೆ. ದಿನಕ್ಕೆ ಹತ್ತು ಸಲ ಆ ಬಾಗಿಲು ತೆರೆಯುತ್ತದೆ.

ಅಗುಳಿ ಸರಿಯಿತು. ಬಾಗಿಲು ತಿರುಗಿತು.

ನಾನು ಏನನ್ನು ನಿರೀಕ್ಷಿಸಿದ್ದೆನೋ ತಿಳಿಯದು. ಅದು ಬರೀ ಬಾಗಿಲಿನ ಸದ್ದು. ಮರ ಮರಕ್ಕೆ ಉಜ್ಜುವುದು, ಕೊನೆಯಲ್ಲಿ ಸಣ್ಣದೊಂದು ನರಳಿಕೆ, ಗೋಡೆಗೆ ಮೆತ್ತಗೆ ತಗುಲುವುದು. ಆದರೆ ಅದರೊಳಗಿಂದ ಮುದುಕಿ ನಡೆದು ಬಂದಳು, ನಾನು ಅವಳನ್ನು ಕಂಡೆ. ರೇಡಿಯೋದೊಳಗೆ ಬಾಗಿಲು ಇತ್ತು.

ಕಥೆಯಲ್ಲಿ ಜಗಳ ಬೆಳೆಯಿತು. ಕಿರಿಯವನು ಸಿಟ್ಟಿನಲ್ಲಿ ಸುತ್ತಿಗೆ ತಂದು ಆ ಬಾಗಿಲಿಗೆ ಮೊಳೆ ಹೊಡೆಯುತ್ತಾನೆ. ಟಕ್ ಟಕ್, ಠಣ್. ಟಕ್ ಟಕ್, ಠಣ್. ನನ್ನ ಪಕ್ಕದಲ್ಲಿ ಕೂತಿದ್ದ ತಮ್ಮನ ಬಲಗೈ ಅವನಿಗೇ ತಿಳಿಯದೆ ಮೊಣಕಾಲಿನ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಅವನು ಮೊಳೆ ಹೊಡೆಯುವುದೇ ಹಾಗೆ. ಕಲಿಸಿದ್ದು ಅಪ್ಪ. ಮೂರನೆಯ ಮೊಳೆಯ ದೊಡ್ಡ ಪೆಟ್ಟಿಗೆ ಮೊದಲು ಮೈಕಿಗೆ ಬೀಳಬಾರದಿದ್ದ ಒಂದು ಸಣ್ಣ "ಹ್ಞೂಂ" ಬಿದ್ದಿತ್ತು.

"ಅಪ್ಪ," ಅಂದ ತಮ್ಮ.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಕೊನೆಗೆ ಆ ತುಂಬು ಗಂಟಲು, ಮುಂದಿನ ವಾರ ಕೊನೆಯ ಕಂತು ಎಂದು ಹೇಳಿ ಮುಗಿಸಿತು. ಮುಳ್ಳು ಅಂಚಿನಿಂದಾಚೆ ಜಾರಿತು. ಆಗ ಅವ್ವ ಸಾಬರ ಕಡೆ ತಿರುಗಿ, "ಆ ಮೊಳೆ ಒಡೆಯೋದ್ನ ಇನ್ನೊಂದ್ಕಿತ ಆಕಪ್ಪ," ಅಂದಳು. ಅವರು ನಾಲ್ಕು ಸಲ ಹಾಕಿದರು. ಪ್ರತಿ ಸಲವೂ ಅವ್ವ ಅದೇ "ಹ್ಞೂಂ" ಬರುವ ಹೊತ್ತಿಗೆ ತಲೆಯಾಡಿಸಿದಳು.

ಪ್ಲೇಟನ್ನು ತಿರುವಿ ಇನ್ನೊಂದು ಮೈಯನ್ನೂ ಹಾಕಿ ನೋಡಿದೆವು. ಕೊನೆಯ ಕಂತು ಅದರಲ್ಲಿತ್ತು. ಮುಳ್ಳು ಹಾರಿತು, ಕೆರೆಯಿತು, ಒಂದು ಕಡೆ "ಅಣ್ಣಾ" ಎಂಬ ಕೂಗು, ಇನ್ನೊಂದು ಕಡೆ ಯಾರೋ ಹೆಂಗಸಿನ ಅರ್ಧ ನಗು. ಅಷ್ಟೇ. ಅದನ್ನು ಗುಂಡುಕಲ್ಲು ತಿಂದಿತ್ತು. ಸಾಬರು ಚೆನ್ನಾಗಿದ್ದ ಮೈಯನ್ನು ನನ್ನ ಫೋನಿಗೂ ಅಂಗಡಿಯ ಕಂಪ್ಯೂಟರಿಗೂ ಇಳಿಸಿಕೊಂಡರು. ಇಂಥ ಪ್ಲೇಟುಗಳನ್ನು ಹುಡುಕಿ ಉಳಿಸುವವರು ಇದ್ದಾರೆ, ಬೇರೆ ಸ್ಟೇಷನ್ನಿಗೆ ಹೋದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು, ಕೇಳಿ ನೋಡುತ್ತೇನೆ ಅಂದರು. ಇವತ್ತಿನವರೆಗೆ ಸಿಕ್ಕಿಲ್ಲ.

ವಾಪಸು ಹೋಗುವಾಗ ನಾನೂ ಅವರ ಜೊತೆ ಕಾರಿನಲ್ಲಿ ಊರಿಗೆ ಹೊರಟೆ. ಕಬ್ಬಿನ ಟ್ರಾಕ್ಟರಿನ ಹಿಂದೆ ಕಾರು ನಿಧಾನವಾಗಿ ಹೋಗುತ್ತಿತ್ತು. ಶಾಲೆಯ ಬಾಗಿಲ ಹತ್ತಿರ ನಾನು ಆಡಿದ ಮಾತನ್ನು ಅವ್ವನಿಗೆ ಹೇಳಿದೆ. ಐವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಹೇಳಿ ಮುಗಿಸಲು ಐದು ನಿಮಿಷ ಹಿಡಿಯಲಿಲ್ಲ.

"ಗೊತ್ತು," ಅಂದಳು ಅವ್ವ. "ಅವತ್ತೇ ಬಂದು ಏಳಿದ್ರು. ಮಗ್ಳು ಅಂದಿದ್ದು ಸರೀನೇ ಕಣೆ, ಕೇಳ್ದೆ ಇರೋದ್ನ ಎಂಗೆ ನಂಬ್ತದೆ ಕೂಸು, ಅಂದ್ರು."

"ಬೇಜಾರು ಮಾಡ್ಕೊಂಡಿದ್ರಾ?"

"ಆಗ್ದೆ ಇರ್ತದಾ?" ಅಂದಳು. ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಆಗಿತ್ತು. ಆಮೇಕೆ ಓಯ್ತು. ನೀನು ಮೇಡಂ ಕೆಲ್ಸಕ್ಕೆ ಸೇರ್ದಾಗ ಊರ್ಗೆಲ್ಲ ಬೆಲ್ಲ ಅಂಚಿದ್ರಲ್ಲ, ಮರ್ತ್ಯಾ?"

ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಅವಳು ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲವಲ್ಲ, ಅದರಿಂದಲೇ ನನಗೆ ಸಮಾಧಾನವಾಯಿತು.

ಮುಂದೆ ಕೂತಿದ್ದ ತಮ್ಮ ಇದ್ದಕ್ಕಿದ್ದಂತೆ ಕೇಳಿದ. "ಅವ್ವ, ಆ ಬಾಗ್ಲು ಕೊನೇಗೆ ತೆಗುದ್ರಾ ಇಲ್ವಾ?"

"ತೆಗೀದೆ?" ಅಂದಳು ಅವ್ವ, ಪಕ್ಕದ ಮನೆಯ ಸಮಾಚಾರವೆಂಬಂತೆ. "ಆ ಮುದ್ಕಿಗೆ ಜ್ವರ ಬತ್ತದೆ. ಮೊಮ್ಮಗ್ಳು ಬಾಗ್ಲತ್ರ ಕೂತ್ಕೊಂಡು ಸಂದೀಲಿ ಅಜ್ಜೀ ಅಜ್ಜೀ ಅಂತ ಕೂಗ್ತದೆ. ಮುದ್ಕಿ ಈ ಕಡೆಯಿಂದ ಒಂದೊಂದೇ ಅಕ್ಕಿ ಕಾಳ ಸಂದೀಲಿ ನೂಕ್ತಾಳೆ, ಕೂಸು ಆಡ್ಕೊಳ್ಲಿ ಅಂತ. ಅದ್ನ ತಮ್ಮ ನೋಡ್ತಾನೆ. ಮಾತಿಲ್ಲ ಕತೆಯಿಲ್ಲ, ಓಗಿ ಇಕ್ಕಳ ತತ್ತಾನೆ. ಮೊಳೆ ಕೀಳ್ತಾನೆ. ಅಲ್ಲಿಗೆ ಮುಗೀತದೆ."

"ನಿಂಗೆಂಗೆ ಗೊತ್ತು?"

"ನಿಮ್ಮಪ್ಪ ಏಳಿದ್ರು. ನಾಗಮಂಗಲಕ್ಕೆ ಬಂದ ದಿನ್ವೇ. ಆ ಮೊಳೆ ಕೀಳೋ ಸದ್ದು ಬರಾಕೆ ಮೂರು ದಿನ ಒದ್ದಾಡಿದ್ರಂತೆ. ಎಲ್ಲಾ ಮರ್ದಲ್ಲೂ ನೋಡುದ್ರಂತೆ. ಕೊನೇಗೆ ಒಣಗಿದ ಹುಣ್ಸೆ ಹಲ್ಗೇಲಿ ಸರಿಯಾಗಿ ಬಂತಂತೆ. ಅಳು ಬಂದಂಗೆ ಬರ್ಬೇಕು ಕಣೆ, ಆದ್ರೆ ಅಳು ಅಂತ ಗೊತ್ತಾಗ್ಬಾರ್ದು, ಅಂತಿದ್ರು."

ಆ ಕೊನೆಯ ಕಂತು ಇನ್ನೆಲ್ಲೂ ಉಳಿದಿರಲಿಕ್ಕಿಲ್ಲ. ಬರೆದವರು, ಆಡಿದವರು ಯಾರೂ ಈಗ ಇರಲಾರರು. ಕಂಪನಿಯೂ ಇಲ್ಲ. ಎಂದೂ ರೇಡಿಯೋ ಕೇಳುವ ಅಭ್ಯಾಸವಿರದ ಅವ್ವನ ತಲೆಯಲ್ಲಿ ಅದು ಅಕ್ಕಿಕಾಳಿನ ಸಮೇತ ಕೂತಿತ್ತು. ಮಾರನೆಯ ದಿನ ಬೆಳಿಗ್ಗೆ ನಾನು ಅವಳನ್ನು ಜಗುಲಿಯ ಮೇಲೆ ಕೂರಿಸಿ, ಫೋನು ಮುಂದಿಟ್ಟು, ಮೊದಲಿನಿಂದ ಹೇಳಿಸಿದೆ. ಸಾಬರು ಇಳಿಸಿಕೊಟ್ಟ ಕಂತಿನ ಪಕ್ಕದಲ್ಲೇ ಅದನ್ನೂ ಇಟ್ಟಿದ್ದೇನೆ. ಅವ್ವ ಮೊಳೆ ಕೀಳುವಲ್ಲಿಗೆ ಬಂದಾಗ ನಿಲ್ಲಿಸಿ, "ಇಲ್ಲಿ ಸದ್ದು ಬರ್ಬೇಕಲ್ಲ," ಅಂದಳು.

ತಮ್ಮ ಎದ್ದು ಹಿತ್ತಿಲಿಗೆ ಹೋದ. ಒಂದು ಹಳೆ ಹುಣಸೆ ಹಲಗೆಯನ್ನು ತಂದು ಜಗುಲಿಯ ಮೇಲಿಟ್ಟು ಆರು ಮೊಳೆ ಹೊಡೆದ. ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಇಕ್ಕಳ ಹಾಕಿ ಮೊದಲನೆಯದನ್ನು ಎಳೆದ. ಮೊಳೆ ಕೀರಲಾಗಿ ಕಿರುಚಿಕೊಂಡು ಬಂತು.

"ಅಂಗಲ್ಲ ಕಣ್ಲಾ," ಅಂದಳು ಅವ್ವ. "ನಿಧಾನ. ಅವ್ನಿಗೆ ಕೀಳಾಕೆ ನಾಚ್ಕೆ ಆಯ್ತಾ ಇರ್ತದೆ."

ತಮ್ಮ ಹಲಗೆಯನ್ನು ಮೊಣಕಾಲಿಗೆ ಒತ್ತಿಕೊಂಡು ಇಕ್ಕಳವನ್ನು ಎರಡನೆಯ ಮೊಳೆಗೆ ಹಾಕಿದ. ನಾನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ. ಹಲಗೆಯಲ್ಲಿ ಇನ್ನೂ ಐದು ಮೊಳೆಗಳಿದ್ದವು.